ಲಾವೋಸ್‌ಗೆ ಆರೇಳು ಮಂದಿಯ ಪ್ರವಾಸ ಯೋಜಿಸುವ ಬಗೆ

ಥಾಯ್ಲೆಂಡ್‌ಗೋ ವಿಯೆಟ್ನಾಮ್‌ಗೋ ಹೋಗಿಬಂದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವೆರಡರ ನಡುವೆ ಇರುವ ಲಾವೋಸನ್ನು ನೋಡಿಬಂದವರು ಅಪರೂಪ. ಕಡಲತೀರವೇ ಇಲ್ಲದ ಈ ದೇಶದ ವಿಸ್ತೀರ್ಣ ಸುಮಾರು 2,36,800 ಚದರ ಕಿಲೋಮೀಟರ್, ಅಂದರೆ ಕರ್ನಾಟಕಕ್ಕಿಂತ ದೊಡ್ಡದು. ಜನಸಂಖ್ಯೆ ಮಾತ್ರ ಬೆಂಗಳೂರು ನಗರವೊಂದಕ್ಕಿಂತ ಕಡಿಮೆ. ಜನ ವಿರಳವಾಗಿರುವುದರಿಂದ ಊರುಗಳು ಚಿಕ್ಕವು, ರಸ್ತೆಗಳು ಬೆಟ್ಟದ ಮೈಮೇಲೆ ಹಾವಿನಂತೆ ಸುತ್ತುವವು, ಪ್ರಯಾಣ ನಿಧಾನ. ಈ ನಿಧಾನವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಕಡಿಮೆ ಸ್ಥಳಗಳನ್ನು ಆರಿಸಿಕೊಂಡ ತಂಡಕ್ಕೆ ಲಾವೋಸ್ ತುಂಬ ಕೊಡುತ್ತದೆ. ಒಂದು ವಾರದಲ್ಲಿ ದೇಶವಿಡೀ ಸುತ್ತಿಬರುವ ಪಟ್ಟಿ ಹಿಡಿದು ಹೊರಟವರಿಗೆ ವ್ಯಾನಿನ ಕಿಟಕಿಯೇ ಗತಿ.

ತಂಡದಲ್ಲಿ ಆರರಿಂದ ಎಂಟು ಮಂದಿ ಇರುವುದು ಒಳ್ಳೆಯದು. ಇದಕ್ಕೆ ಒಂದು ಕಾರಣ ವಾಹನ: ಲಾವೋಸ್‌ನಲ್ಲಿ ಬಾಡಿಗೆಗೆ ಸಿಗುವ ವ್ಯಾನಿನಲ್ಲಿ ಹತ್ತು ಹನ್ನೆರಡು ಆಸನಗಳಿದ್ದರೂ, ಎಲ್ಲರ ಸೂಟ್‌ಕೇಸ್‌ಗಳು ಒಳಗೆ ಸೇರಿದ ಮೇಲೆ ಆರಾಮವಾಗಿ ಕುಳಿತುಕೊಳ್ಳಬಲ್ಲವರು ಎಂಟು ಜನ ಮಾತ್ರ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವೂ ಇದೆ. ಮಗ್ಗದ ಮನೆಯ ಜಗಲಿ, ಹಳ್ಳಿಯ ವಿಹಾರದ ಪ್ರಾಂಗಣ, ಮನೆಯೊಳಗೆ ನಡೆಯುವ ಬಾಸಿ ಎಂಬ ಶುಭಕಾರ್ಯ (ಅದರಲ್ಲಿ ಹಿರಿಯರು ಬಂದವರ ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿ ಹರಸುತ್ತಾರೆ), ಇವೆಲ್ಲ ಅತಿಥಿಗಳಿಗೆ ತೆರೆದಿರುವ ಜಾಗಗಳೇ ಹೊರತು ಜಾತ್ರೆಗಲ್ಲ. ಇಪ್ಪತ್ತು ಜನರ ಗುಂಪು ಬಂದಾಗ ಮನೆಯವರು ಪ್ರದರ್ಶನ ಕೊಡುತ್ತಾರೆ, ಆರು ಜನ ಬಂದಾಗ ಚಾಪೆ ಹಾಸುತ್ತಾರೆ.

ಹೊರಡುವ ಕಾಲವನ್ನು ನವೆಂಬರ್‌ನಿಂದ ಫೆಬ್ರವರಿಯ ನಡುವೆ ಇಟ್ಟುಕೊಳ್ಳಬೇಕು. ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ಉತ್ತರದ ಬೆಟ್ಟಗಳಲ್ಲಿ ಬೇಸಾಯಕ್ಕಾಗಿ ಕುರುಚಲು ಸುಡುವುದರಿಂದ ಅಲ್ಲಿನ ಲುವಾಂಗ್ ಪ್ರಬಾಂಗ್ ಊರಿನ ಮೇಲೆ ಹೊಗೆ ಕವಿಯುತ್ತದೆ. ಆಸ್ತಮಾ ಇರುವವರು ಆ ಕಾಲದಲ್ಲಿ ಹೋಗಲೇಬಾರದು. ಏಪ್ರಿಲ್ ನಡುವಿನಲ್ಲಿ ಬರುವ ಹೊಸವರ್ಷದ ಹಬ್ಬ ಪಿ ಮಾಯ್ ಸಡಗರದ್ದೇ, ಆದರೆ ಬೀದಿಬೀದಿಯಲ್ಲಿ ನೀರು ಎರಚುವ ಆ ದಿನಗಳಲ್ಲಿ ಕೋಣೆಯೂ ವಾಹನವೂ ದುಬಾರಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ. ಹಬ್ಬ ನೋಡಲೇಬೇಕೆಂಬ ಆಸೆಯುಳ್ಳವರು ನವೆಂಬರ್ ಸುಮಾರಿಗೆ ಹುಣ್ಣಿಮೆಯಂದು ರಾಜಧಾನಿ ವಿಯೆಂಟಿಯಾನ್‌ನಲ್ಲಿ ನಡೆಯುವ ಥಾಟ್ ಲುವಾಂಗ್ ಉತ್ಸವಕ್ಕಾಗಲಿ, ಸಾಮಾನ್ಯವಾಗಿ ಫೆಬ್ರವರಿಯ ಹುಣ್ಣಿಮೆಗೆ ಬೀಳುವ, ದಕ್ಷಿಣದ ವಾಟ್ ಫು ದೇಗುಲದ ಜಾತ್ರೆಗಾಗಲಿ ದಿನ ಹೊಂದಿಸಿಕೊಳ್ಳಬಹುದು. ಡಿಸೆಂಬರ್ ಮತ್ತು ಜನವರಿಯ ಬೆಳಗುಗಳಲ್ಲಿ ಮೆಕಾಂಗ್ ನದಿಯ ದೋಣಿಯಲ್ಲಿ ಚಳಿ ಕೊರೆಯುತ್ತದೆ. ಒಂದು ಸ್ವೆಟರ್, ಒಂದು ಶಾಲು ಇರಲಿ.

ದಾರಿ ಆರಿಸುವುದು

ಹತ್ತು ದಿನಗಳಿದ್ದರೆ ಉತ್ತರದಲ್ಲಿ ಲುವಾಂಗ್ ಪ್ರಬಾಂಗ್, ನಡುವೆ ವಿಯೆಂಟಿಯಾನ್, ದಕ್ಷಿಣದಲ್ಲಿ ಚಂಪಾಸಕ್ ಎಂಬ ಮೂರೇ ನೆಲೆಗಳನ್ನು ಇಟ್ಟುಕೊಂಡು, ಮೊದಲನೆಯದಕ್ಕೆ ನಾಲ್ಕು ರಾತ್ರಿ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು ಎಂದು ಹಂಚಿಕೊಳ್ಳುವುದು ಉತ್ತಮ. ನಡುದಾರಿಯಲ್ಲಿ ಸಿಗುವ ವಾಂಗ್ ವಿಯೆಂಗ್ ಸುಣ್ಣಕಲ್ಲಿನ ಬೆಟ್ಟಗಳಿಗೂ ನದಿಯ ಆಟಗಳಿಗೂ ಹೆಸರಾದ ಊರು. ಸಂಸ್ಕೃತಿ ನೋಡಲು ಹೊರಟ ತಂಡ ಅದನ್ನು ಬಿಟ್ಟರೆ ನಷ್ಟವೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಸಾವಿರಾರು ವರ್ಷ ಹಳೆಯ ಬೃಹತ್ ಕಲ್ಲಿನ ಗುಡಾಣಗಳು ಹರಡಿರುವ, 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಷಿಯೆಂಗ್ ಖುವಾಂಗ್ ಬಯಲನ್ನು ಬಿಡುವುದು ಮಾತ್ರ ಕಷ್ಟದ ನಿರ್ಧಾರ. ಅದನ್ನು ಸೇರಿಸಬೇಕಾದರೆ ಇನ್ನೂ ಎರಡು ಮೂರು ದಿನ ಬೇಕು. ಜೊತೆಗೆ, 1964ರಿಂದ 1973ರವರೆಗೆ ಅಮೆರಿಕ ಈ ದೇಶದ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬುಗಳನ್ನು ಸುರಿದಿದ್ದು, ಸಿಡಿಯದೆ ಉಳಿದವು ಇಂದಿಗೂ ಮಣ್ಣಿನಲ್ಲಿರುವುದರಿಂದ, ಅಲ್ಲಿ ಗುರುತು ಹಾಕಿದ ಕಾಲುದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಆಚೆಗಿಡಬಾರದು. ಅಲ್ಲಿಗೆ ಹೋಗಲಾಗದವರು ವಿಯೆಂಟಿಯಾನ್‌ನಲ್ಲಿರುವ ಕೋಪ್ ಕೇಂದ್ರಕ್ಕೆ ಒಂದು ಗಂಟೆಯಾದರೂ ಕೊಡಬೇಕು. ಬಾಂಬಿನಿಂದ ಕೈಕಾಲು ಕಳೆದುಕೊಂಡವರಿಗೆ ಕೃತಕ ಅಂಗಗಳನ್ನು ಒದಗಿಸುವ ಸಂಸ್ಥೆಯದು.

ಬೆಂಗಳೂರಿನಿಂದ ಸಾಮಾನ್ಯವಾಗಿ ಬ್ಯಾಂಕಾಕ್ ಇಲ್ಲವೇ ಕ್ವಾಲಾಲಂಪುರದ ಮೂಲಕ ಹೋಗಬೇಕಾಗುತ್ತದೆ. ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ ಮತ್ತು ಡಾನ್ ಮುವಾಂಗ್ ಎಂಬ ಎರಡು ವಿಮಾನ ನಿಲ್ದಾಣಗಳಿದ್ದು, ಅಗ್ಗದ ಟಿಕೆಟ್ ಹುಡುಕುವಾಗ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕಾದ ಪರಿಸ್ಥಿತಿ ಸುಲಭವಾಗಿ ಬಂದೊದಗುತ್ತದೆ. ಎರಡು ಬೇರೆ ಬೇರೆ ಟಿಕೆಟ್‌ಗಳಾಗಿದ್ದರೆ ಸಾಮಾನು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಥಾಯ್ಲೆಂಡ್‌ನೊಳಗೆ ಪ್ರವೇಶ ಪಡೆದು, ಸಾಮಾನು ಬಿಡಿಸಿಕೊಂಡು, ಮತ್ತೆ ಒಪ್ಪಿಸಬೇಕು. ಆದ್ದರಿಂದ ಥಾಯ್ಲೆಂಡ್‌ನ ಆ ಹೊತ್ತಿನ ವೀಸಾ ನಿಯಮವನ್ನೂ ನೋಡಿಕೊಂಡು, ನಡುವೆ ಕನಿಷ್ಠ ಐದಾರು ಗಂಟೆ ಇಟ್ಟುಕೊಳ್ಳಬೇಕು. ಲಾವೋಸ್‌ನ ವೀಸಾ ಭಾರತೀಯರಿಗೆ ಆನ್‌ಲೈನ್‌ನಲ್ಲೂ, ಮುಖ್ಯ ವಿಮಾನ ನಿಲ್ದಾಣಗಳಲ್ಲಿ ಇಳಿದ ಮೇಲೂ ಸಿಗುತ್ತದೆ. ಆನ್‌ಲೈನ್ ವೀಸಾ ನಿಗದಿತ ಗಡಿದ್ವಾರಗಳಲ್ಲಿ ಮಾತ್ರ ನಡೆಯುವುದರಿಂದ ತಂಡ ಒಳಬರುವ ದ್ವಾರ ಆ ಪಟ್ಟಿಯಲ್ಲಿದೆಯೇ ಎಂದು ನೋಡಿಯೇ ಅರ್ಜಿ ಹಾಕಬೇಕು; ಲಾವೋಸ್ ಸರ್ಕಾರದ ಅಧಿಕೃತ ತಾಣವನ್ನೇ ಹೋಲುವ, ಹೆಚ್ಚು ಹಣ ಕೀಳುವ ಏಜೆಂಟರ ತಾಣಗಳೂ ಇವೆ. ಎಲ್ಲರ ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿದೆಯೇ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ಒಬ್ಬರು ಪರಿಶೀಲಿಸಬೇಕು.

ಲುವಾಂಗ್ ಪ್ರಬಾಂಗ್‌ನಿಂದ ವಿಯೆಂಟಿಯಾನ್‌ಗೆ ರೈಲು ಉಂಟು. ಚೀನಾದ ಗಡಿಯವರೆಗೆ ಹೋಗುವ ಈ ಮಾರ್ಗ 2021ರ ಡಿಸೆಂಬರ್‌ನಲ್ಲಿ ಆರಂಭವಾಗಿ, ಮೊದಲು ಬೆಟ್ಟದ ರಸ್ತೆಯಲ್ಲಿ ಇಡೀ ದಿನ ಹಿಡಿಯುತ್ತಿದ್ದ ದಾರಿಯನ್ನು ಸುಮಾರು ಎರಡು ಗಂಟೆಗೆ ಇಳಿಸಿದೆ. ಟಿಕೆಟ್ ಮಾರಾಟ ಪ್ರಯಾಣಕ್ಕೆ ಕೆಲವೇ ದಿನಗಳ ಮುಂಚೆ ತೆರೆಯುತ್ತದೆ, ಆರು ಜನರಿಗೆ ಒಟ್ಟಿಗೆ ಬೇಕಾದಾಗ ಬೇಗ ಖಾಲಿಯಾಗುತ್ತದೆ. ಪ್ರತಿಯೊಬ್ಬರ ಪಾಸ್‌ಪೋರ್ಟ್ ವಿವರವೂ ಬೇಕು. ಹೀಗಾಗಿ ವಿಯೆಂಟಿಯಾನ್‌ನ ಕೋಣೆಗಳನ್ನು ದಿನ ಬದಲಿಸಲು ಅವಕಾಶವಿರುವಂತೆ ಕಾದಿರಿಸುವುದು ಜಾಣತನ. ನಿಲ್ದಾಣಗಳು ಊರಿನಿಂದ ದೂರದಲ್ಲಿವೆ, ತಪಾಸಣೆ ವಿಮಾನ ನಿಲ್ದಾಣದ ಹಾಗೆಯೇ ಕಟ್ಟುನಿಟ್ಟು: ಹಣ್ಣು ಹೆಚ್ಚುವ ಚಾಕು, ಕತ್ತರಿ, ಸ್ಪ್ರೇ ಡಬ್ಬಿಗಳನ್ನು ತೆಗೆದಿಟ್ಟುಕೊಂಡುಬಿಡುತ್ತಾರೆ. ವಿಯೆಂಟಿಯಾನ್‌ನಿಂದ ದಕ್ಷಿಣದ ಚಂಪಾಸಕ್ ಪ್ರಾಂತ್ಯದ ಮುಖ್ಯ ಪಟ್ಟಣವಾದ ಪಾಕ್ಸೆಗೆ ರೈಲಿಲ್ಲ. ರಾತ್ರಿ ಬಸ್ಸಿನಲ್ಲಿ ಹತ್ತು ಗಂಟೆಗೂ ಮೇಲೆ ಮಲಗಿ ಹೋಗುವ ಬದಲು ದೇಶೀಯ ವಿಮಾನ ಹಿಡಿಯುವುದು ಲೇಸು, ಅದರಲ್ಲೂ ತಂಡದಲ್ಲಿ ಅರವತ್ತು ದಾಟಿದವರಿದ್ದರೆ.

ಲುವಾಂಗ್ ಪ್ರಬಾಂಗ್‌ನ ಬೆಳಗು

ಮೆಕಾಂಗ್ ಮತ್ತು ನಾಮ್ ಖಾನ್ ನದಿಗಳ ಸಂಗಮದಲ್ಲಿರುವ ಈ ಹಳೆಯ ರಾಜಧಾನಿ 1995ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ತಂಗುವ ಮನೆಯನ್ನು ಹಳೆಯ ಊರಿನೊಳಗೇ ಹಿಡಿದರೆ ವಾಹನದ ಹಂಗಿಲ್ಲದೆ ಎಲ್ಲವನ್ನೂ ನಡೆದೇ ನೋಡಬಹುದು. 16ನೆಯ ಶತಮಾನದಲ್ಲಿ ಸೆತ್ತಾಥಿರಾತ್ ರಾಜ ಕಟ್ಟಿಸಿದ ವಾಟ್ ಷಿಯೆಂಗ್ ಥೊಂಗ್ ವಿಹಾರಕ್ಕೆ ಬೆಳಗಿನ ಎಂಟರೊಳಗೆ ಹೋಗುವುದು ಒಳ್ಳೆಯದು. ಅಲ್ಲಿ ರಾಜರ ಶವರಥವನ್ನು ಇಟ್ಟಿರುವ ಕಟ್ಟಡದ ಹೊರಗೋಡೆಯಲ್ಲಿ ಚಿನ್ನದ ಲೇಪದ ರಾಮಾಯಣದ ದೃಶ್ಯಗಳಿವೆ. ಲಾವೋಸ್‌ನ ರಾಮಾಯಣದ ಶೀರ್ಷಿಕೆಯಲ್ಲಿ ಲಕ್ಷ್ಮಣನ ಹೆಸರೇ ಮೊದಲು ಬರುತ್ತದೆ, ಕಥೆ ನಡೆಯುವುದೂ ಮೆಕಾಂಗ್ ದಂಡೆಯಲ್ಲೇ. ಹಳೆಯ ಅರಮನೆಯ ಆವರಣದ ರಂಗಮಂದಿರದಲ್ಲಿ ವಾರದ ಕೆಲವು ಸಂಜೆಗಳಲ್ಲಿ ಅದರ ನೃತ್ಯರೂಪಕ ನಡೆಯುತ್ತದೆ. ಯಕ್ಷಗಾನ ನೋಡಿ ಬೆಳೆದವರಿಗೆ ಮೊದಲ ಹತ್ತು ನಿಮಿಷ ಇದು ತೀರ ಮೆಲ್ಲಗಿದೆ ಎನಿಸಿದರೂ, ಮುಖವಾಡ ತೊಟ್ಟ ಕಪಿಗಳು ಬಂದಮೇಲೆ ಸರಿಹೋಗುತ್ತದೆ.

ನಸುಕಿನಲ್ಲಿ ಬರಿಗಾಲ ಭಿಕ್ಷುಗಳು ಸಾಲಾಗಿ ಬಂದು ಅನ್ನದ ಭಿಕ್ಷೆ ಸ್ವೀಕರಿಸುವ ತಾಕ್ ಬಾಟ್ ಈ ಊರಿನ ದಿನನಿತ್ಯದ ಪೂಜೆ. ಪ್ರವಾಸಿಗರ ಕ್ಯಾಮೆರಾಗಳಿಂದ ಇದು ಬಹಳ ನಲುಗಿದೆ, ಆದ್ದರಿಂದ ತಂಡದವರೆಲ್ಲರೂ ಹಿಂದಿನ ರಾತ್ರಿಯೇ ಕುಳಿತು ಒಂದು ಒಪ್ಪಂದಕ್ಕೆ ಬರಬೇಕು. ನೋಡುವವರು ರಸ್ತೆಯ ಆಚೆ ಬದಿಯಲ್ಲಿ ಮೌನವಾಗಿ ನಿಲ್ಲಬೇಕು. ಹೆಗಲು, ಮೊಣಕಾಲು ಮುಚ್ಚಿರಬೇಕು. ಫ್ಲ್ಯಾಷ್ ಬಳಸಬಾರದು, ಸಾಲಿಗೆ ಅಡ್ಡ ಬರಬಾರದು. ಭಿಕ್ಷೆ ನೀಡಲೇಬೇಕೆಂದು ಮನಸ್ಸಿರುವವರು ಬೀದಿಯಲ್ಲಿ ಮಾರುವ ಅನ್ನ ಕೊಳ್ಳದೆ, ತಂಗಿದ ಮನೆಯವರಿಗೆ ಹೇಳಿ ಬಿಸಿ ಅನ್ನ ಮಾಡಿಸಿಕೊಂಡು, ಅವರ ಪಕ್ಕದಲ್ಲೇ ಭಿಕ್ಷುಗಳಿಗಿಂತ ತಗ್ಗಿನಲ್ಲಿ ಕುಳಿತು ನೀಡಬೇಕು. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು. ಎಲ್ಲರೂ ಹೋಗಬೇಕಾಗಿಯೂ ಇಲ್ಲ, ಮಲಗುವವರು ಮಲಗಲಿ.

ನೇಯ್ಗೆಯಲ್ಲಿ ಆಸಕ್ತಿಯುಳ್ಳವರಿಗೆ ಓಕ್ ಪೊಪ್ ಟೊಕ್ ಎಂಬ ಕೇಂದ್ರದಲ್ಲಿ ನೈಸರ್ಗಿಕ ಬಣ್ಣ ಹಾಕುವುದನ್ನೂ ಮಗ್ಗದಲ್ಲಿ ಕೂರುವುದನ್ನೂ ಕಲಿಸುವ ತರಗತಿಗಳಿವೆ, ಮೊದಲೇ ಕಾದಿರಿಸಬೇಕು. ಪಾಕ್ ಊ ಗುಹೆಗಳಿಗೆ ದೋಣಿ, ಕುವಾಂಗ್ ಸಿ ಜಲಪಾತಕ್ಕೆ ವ್ಯಾನು. ಎರಡನ್ನೂ ಒಂದೇ ದಿನಕ್ಕೆ ತುರುಕುವುದು ಬೇಡ.

ಸಸ್ಯಾಹಾರಿಗಳ ಊಟ

ಲಾವೋಸ್‌ನ ಅಡುಗೆಯಲ್ಲಿ ಸಸ್ಯಾಹಾರಿಗೆ ತೊಡಕಾಗುವುದು ಕಣ್ಣಿಗೆ ಕಾಣುವ ಮಾಂಸಕ್ಕಿಂತ ಕಾಣದ ಮೀನು. ನಾಮ್ ಪಾ ಎಂಬ ಮೀನಿನ ರಸ ಮತ್ತು ಪಾದೇಕ್ ಎಂಬ ಹುದುಗಿಸಿದ ಮೀನು ಪರಂಗಿಕಾಯಿಯ ಕೋಸಂಬರಿಯಿಂದ ಹಿಡಿದು ಸೊಪ್ಪಿನ ಸಾರಿನವರೆಗೆ ಎಲ್ಲದರಲ್ಲೂ ಇರುತ್ತವೆ. ‘ಕಿನ್ ಜೇ’ ಎಂದರೆ ಸಸ್ಯಾಹಾರ ಎಂದು ಅರ್ಥವಾಗುತ್ತದೆ. ಆದರೂ ‘ಬೋ ಸಾಯ್ ನಾಮ್ ಪಾ, ಬೋ ಸಾಯ್ ಪಾದೇಕ್’, ಅಂದರೆ ಅವೆರಡನ್ನೂ ಹಾಕಬೇಡಿ ಎಂದು ಬಿಡಿಸಿ ಹೇಳಬೇಕು. ಈ ಸಾಲುಗಳನ್ನು ತಂಗುವ ಮನೆಯವರಿಂದ ಲಾವೊ ಲಿಪಿಯಲ್ಲಿ ಒಂದು ಚೀಟಿಯ ಮೇಲೆ ಬರೆಸಿಕೊಂಡು ಎಲ್ಲರೂ ಫೋನಿನಲ್ಲಿ ಅದರ ಚಿತ್ರ ಇಟ್ಟುಕೊಂಡರೆ ಅಡುಗೆಯವರ ಕೈಗೇ ತೋರಿಸಬಹುದು.

ನಿಶ್ಚಿಂತೆಯಿಂದ ತಿನ್ನಬಹುದಾದದ್ದು ಅಂಟು ಅನ್ನ. ಆವಿಯಲ್ಲಿ ಬೇಯಿಸಿದ ಈ ಅನ್ನವನ್ನು ಮುಚ್ಚಳವಿರುವ ಚಿಕ್ಕ ಬಿದಿರಿನ ಬುಟ್ಟಿಯಲ್ಲಿ ತಂದಿಡುತ್ತಾರೆ. ಬೆರಳಿನಿಂದ ಒಂದಿಷ್ಟು ಕಿತ್ತು, ಅಂಗೈಯಲ್ಲಿ ಉಂಡೆ ಮಾಡಿ, ಸುಟ್ಟ ಬದನೆಕಾಯಿಯ ಚಟ್ನಿಗೆ ಒತ್ತಿ ತಿನ್ನಬೇಕು. ಆ ಚಟ್ನಿಯಲ್ಲೂ ಮೀನಿನ ರಸ ಇದೆಯೇ ಎಂದು ಕೇಳಿಕೊಂಡರೆ ಆಯಿತು, ಇಲ್ಲವಾದರೆ ಮನೆಯಿಂದ ತಂದ ಚಟ್ನಿಪುಡಿ ಇದ್ದೇ ಇದೆ. ವಿಯೆಂಟಿಯಾನ್ ಮತ್ತು ಲುವಾಂಗ್ ಪ್ರಬಾಂಗ್‌ನಲ್ಲಿ ಭಾರತೀಯ ಹೋಟೆಲುಗಳೂ ಇವೆ. ದಿನವೂ ಅಲ್ಲಿಗೇ ಓಡುವುದಾದರೆ ಇಷ್ಟು ದೂರ ಬರುವ ಅಗತ್ಯವೇನಿತ್ತು ಎಂದು ತಂಡದೊಳಗೇ ಯಾರಾದರೂ ಕೇಳುವುದು ಒಳ್ಳೆಯದು. ಮದ್ಯದ ಬಗ್ಗೆ ಒಂದು ಎಚ್ಚರಿಕೆ: 2024ರ ನವೆಂಬರ್‌ನಲ್ಲಿ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ವಿಷದಿಂದ ಆರು ಪ್ರವಾಸಿಗರು ಸತ್ತರು. ಮುದ್ರೆಯೊಡೆಯದ ಬಾಟಲಿಯದ್ದಲ್ಲದೆ ಬೇರೇನನ್ನೂ, ಪುಕ್ಕಟೆ ಕೊಟ್ಟರೂ, ಕುಡಿಯಬಾರದು.

ದಕ್ಷಿಣಕ್ಕೆ ಯಾಕೆ ಹೋಗಬೇಕು

ಹೆಚ್ಚಿನ ಪ್ರವಾಸಿಗರು ಉತ್ತರವನ್ನಷ್ಟೇ ನೋಡಿ ಮರಳುತ್ತಾರೆ. ಕನ್ನಡಿಗರ ತಂಡಕ್ಕೆ ದಕ್ಷಿಣವೇ ಹೆಚ್ಚು ಹತ್ತಿರ ಎಂದು ನಾನು ಹೇಳುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಪಾಕ್ಸೆಯಿಂದ ಸುಮಾರು 40 ಕಿಲೋಮೀಟರ್ ದೂರದ ವಾಟ್ ಫು. ತುದಿಯಲ್ಲಿ ಲಿಂಗಾಕಾರದ ಬಂಡೆಯಿರುವ ಬೆಟ್ಟವನ್ನು ಪ್ರಾಚೀನರು ಲಿಂಗಪರ್ವತವೆಂದು ಕರೆದು, ಅದರ ಬುಡದಲ್ಲಿ ಶಿವಾಲಯ ಕಟ್ಟಿದರು. ಈ ಪ್ರದೇಶದಲ್ಲಿ ಸಿಕ್ಕ 5ನೆಯ ಶತಮಾನದ ಸಂಸ್ಕೃತ ಶಾಸನವೊಂದರಲ್ಲಿ ದೇವಾನೀಕನೆಂಬ ರಾಜ ಇಲ್ಲಿ ಕುರುಕ್ಷೇತ್ರವೆಂಬ ತೀರ್ಥವನ್ನು ಸ್ಥಾಪಿಸಿದ್ದಾಗಿ ಹೇಳಿಕೊಂಡಿದ್ದಾನೆ. ಈಗ ಕಾಣುವ ಖ್ಮೇರ್ (ಕಾಂಬೋಡಿಯದ ಪ್ರಾಚೀನ ಅರಸರ) ಕಟ್ಟಡಗಳಲ್ಲಿ ಹೆಚ್ಚಿನವು 11ನೆಯ ಶತಮಾನದ ಆಸುಪಾಸಿನವು. ಕೆಳಗಿನ ಕೆರೆಗಳಿಂದ ದೇವಕಣಗಿಲೆ ಮರಗಳ ನಡುವಿನ ಕಡಿದಾದ, ಸವೆದ ಮೆಟ್ಟಿಲುಗಳನ್ನು ಹತ್ತಿ ಮೇಲೆ ಹೋದರೆ, ಗರ್ಭಗುಡಿಯ ಹಿಂದಿನ ಬಂಡೆಯ ಬುಡದಲ್ಲಿ ಒರತೆಯೊಂದು ಇಂದಿಗೂ ಜಿನುಗುತ್ತಿದೆ; ಒಂದು ಕಾಲದಲ್ಲಿ ಅದರ ನೀರು ಕಲ್ಲಿನ ತೂಬಿನ ಮೂಲಕ ಹರಿದು ಬಂದು ಲಿಂಗಕ್ಕೆ ನಿರಂತರ ಅಭಿಷೇಕವಾಗುತ್ತಿತ್ತು. ಈಗ ಗರ್ಭಗುಡಿಯಲ್ಲಿರುವುದು ಬುದ್ಧ. ಬಾಗಿಲವಾಡದ ಮೇಲೆ ಐರಾವತವನ್ನೇರಿದ ಇಂದ್ರ, ಹಿಂಬದಿಯ ಬಂಡೆಯಲ್ಲಿ ತ್ರಿಮೂರ್ತಿಗಳು ಉಳಿದಿದ್ದಾರೆ. 2001ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಈ ಸ್ಥಳದ ಜೀರ್ಣೋದ್ಧಾರದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯೂ ತೊಡಗಿಕೊಂಡಿದೆ. ಮೆಟ್ಟಿಲಿಗೆ ಹಿಡಿಕೆಗಳಿಲ್ಲದ ಕಡೆಗಳಿರುವುದರಿಂದ ಮೊಣಕಾಲು ನೋವಿನವರು ಒಂದು ಊರುಗೋಲು ತರಲಿ. ಬಿಸಿಲೇರುವ ಮೊದಲೇ ಹತ್ತಿ, ಇಳಿಯುವಾಗ ಅವಸರಪಡದಿರಲಿ.

ಎರಡನೆಯ ಕಾರಣ ಕಾಫಿ. ಪಾಕ್ಸೆಯ ಪೂರ್ವಕ್ಕಿರುವ ಬೊಲಾವೆನ್ ಪ್ರಸ್ಥಭೂಮಿಗೆ ಫ್ರೆಂಚರು ತಂದ ಕಾಫಿ ಇಂದು ಲಾವೋಸ್‌ನ ಮುಖ್ಯ ರಫ್ತು ಬೆಳೆಗಳಲ್ಲೊಂದು. ಪಾಕ್ಸೊಂಗ್ ಸುತ್ತಮುತ್ತ ಡಿಸೆಂಬರ್, ಜನವರಿಯಲ್ಲಿ ಹಣ್ಣು ಕೀಳುವ, ಕಣದಲ್ಲಿ ಒಣಗಿಸುವ ಕೆಲಸ ನಡೆದಿರುತ್ತದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯವರು ತಂಡದಲ್ಲಿದ್ದರೆ ಬೆಳೆಗಾರರ ಜೊತೆ ಅರ್ಧ ದಿನ ಕಳೆಯುವ ಏರ್ಪಾಡನ್ನು ಪಾಕ್ಸೆಯಲ್ಲೇ ಮಾಡಿಕೊಳ್ಳಬೇಕು: ನೆರಳು ಎಷ್ಟಿಡುತ್ತಾರೆ, ಕೂಲಿ ಎಷ್ಟು, ತುಕ್ಕುರೋಗಕ್ಕೆ ಏನು ಮಾಡುತ್ತಾರೆ ಎಂಬ ಮಾತಿಗೆ ಒಬ್ಬ ದುಭಾಷಿ ಸಾಕು. ಹತ್ತಿರದ ಟಾಡ್ ಫಾನ್ ಜಲಪಾತ ದಾರಿಯಲ್ಲೇ ಸಿಗುತ್ತದೆ. ಇನ್ನೂ ಕೆಳಗೆ ಸಿ ಫಾನ್ ಡೊನ್ ದ್ವೀಪಗಳ ಬಳಿ ಇರಾವದಿ ಡಾಲ್ಫಿನ್ ತೋರಿಸುತ್ತೇವೆಂಬ ಹಳೆಯ ಜಾಹೀರಾತುಗಳನ್ನು ನಂಬಬೇಡಿ, ಅಲ್ಲಿನ ಸಂತತಿ 2022ರ ಹೊತ್ತಿಗೇ ಮುಗಿದುಹೋಗಿತ್ತು.

ಹಣ, ಆರೋಗ್ಯ, ಲೆಕ್ಕ

ಲಾವೋಸ್‌ನ ಹಣ ಕಿಪ್. ಒಂದು ಡಾಲರಿಗೆ 20,000 ಕಿಪ್‌ಗಿಂತ ಹೆಚ್ಚು ಸಿಗುವುದರಿಂದ ಆರು ಜನರ ಊಟದ ಬಿಲ್ಲು ಲಕ್ಷಗಳಲ್ಲಿ ಬರುತ್ತದೆ, ಗಾಬರಿಯಾಗಬೇಕಿಲ್ಲ. ಮಡಿಕೆ ಬೀಳದ ಡಾಲರ್ ನೋಟುಗಳನ್ನು ಒಯ್ದು, ವಾಹನ, ದೋಣಿ, ಊಟದ ಖರ್ಚಿಗೆ ಎಲ್ಲರಿಂದ ಸಮಪಾಲು ಕೂಡಿಸಿ ಒಬ್ಬರ ಕೈಯಲ್ಲಿಡಬೇಕು. ಅವರೇ ಪ್ರತಿ ರಾತ್ರಿ ಲೆಕ್ಕ ಹೇಳಬೇಕು. ಗಂಭೀರ ಕಾಯಿಲೆಗೆ ವಿಯೆಂಟಿಯಾನ್‌ನವರೇ ಗಡಿ ದಾಟಿ ಥಾಯ್ಲೆಂಡ್‌ನ ಉಡೋನ್ ಥಾನಿಗೆ ಹೋಗುತ್ತಾರೆ, ಆದ್ದರಿಂದ ತುರ್ತು ಸಾಗಣೆಯ ವೆಚ್ಚ ಭರಿಸುವ ವಿಮೆ ಅತ್ಯಗತ್ಯ. ಪರವಾನಗಿ ಇಲ್ಲದೆ ಸ್ಕೂಟರ್ ಓಡಿಸಿ ಬಿದ್ದರೆ ಯಾವ ವಿಮೆಯೂ ನಡೆಯುವುದಿಲ್ಲ.

ಪಾಕ್ಸೆಯಿಂದ ಮರಳಿ ವಿಯೆಂಟಿಯಾನ್‌ಗೆ ಹೋಗದೆ, ವ್ಯಾನಿನಲ್ಲಿ ಚೊಂಗ್ ಮೆಕ್ ಗಡಿ ದಾಟಿ ಥಾಯ್ಲೆಂಡ್‌ನ ಉಬೊನ್ ರಾಚಥಾನಿ ತಲುಪಿ ಅಲ್ಲಿಂದ ಬ್ಯಾಂಕಾಕ್‌ಗೆ ವಿಮಾನ ಹಿಡಿದರೆ ಒಂದು ದಿನ ಉಳಿಯುತ್ತದೆ. ಕಿಪ್‌ಗೆ ಲಾವೋಸ್‌ನ ಹೊರಗೆ ಬೆಲೆಯಿಲ್ಲವಾದ್ದರಿಂದ, ಗಡಿಗೆ ಹೊರಡುವ ಬೆಳಿಗ್ಗೆ ಕೂಡಿಸಿದ ಹಣದಲ್ಲಿ ಉಳಿದದ್ದನ್ನು ಪಾಕ್ಸೆಯ ಮಾರುಕಟ್ಟೆಯಲ್ಲಿ ಕಾಫಿಪುಡಿಗೆ ಕೊಟ್ಟು, ಪೊಟ್ಟಣಗಳನ್ನು ತಲೆಗೊಂದರಂತೆ ಹಂಚಿಕೊಳ್ಳಬಹುದು.