ಗ್ರೀನ್ ಟೀ ಕುಡಿದು ಬೊಜ್ಜು ಕರಗಿಸೋದು ಹೇಗೆ?

ಅದೊಂದರಿಂದಲೇ ಕರಗುತ್ತಾ ಅಂದ್ರೆ, ಇಲ್ಲ. ಅದರಲ್ಲಿರುವ ಕ್ಯಾಟೆಚಿನ್ ಅನ್ನೋ ಸಸ್ಯಜನ್ಯ ಅಂಶ, ಕೆಫೀನ್ ಕೊಬ್ಬು ಸುಡಲು ಚೂರು ಸಹಾಯ ಮಾಡಬಹುದು, ಆದರೆ 2012ರಲ್ಲಿ ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡ ತೂಕದ ಇಳಿಕೆ ಲೆಕ್ಕಕ್ಕೆ ಬರುವಷ್ಟು ಇರಲಿಲ್ಲ.

ಲಾಭ ಇರೋದು ಬೇರೆ ಕಡೆ. ನಾನು ಮುಂಬೈ ಹತ್ತಿರದ ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಆಫೀಸಿಗೆ ಹೋಗುವವನು. ದಿನಕ್ಕೆ ನಾಲ್ಕು ಕಟಿಂಗ್ (ಅರ್ಧ ಲೋಟ) ಚಹಾ, ಅದೂ ಪಾಕದಂಥ ಸಿಹಿ, ಜೊತೆಗೆ ಸ್ಟೇಷನ್ ಹೊರಗಿನ ಬಿಸಿ ವಡಾಪಾವ್ (ಅದನ್ನು ಬಿಡೋದು ಕಷ್ಟ, ಅಲ್ವಾ?). ಒಂದು ಚಮಚ ಸಕ್ಕರೆಗೆ 16ರಿಂದ 20 ಕ್ಯಾಲರಿ, ನೀವೇ ಗುಣಿಸಿ. ಆ ಚಹಾದ ಜಾಗಕ್ಕೆ ಗ್ರೀನ್ ಟೀ ತನ್ನಿ. ಚಹಾನೂ ಕುಡಿದು ಇದನ್ನೂ ಕುಡಿದ್ರೆ ಸುಮ್ನೆ ದುಡ್ಡು ದಂಡ.

ನೀರು ಕುದಿಸಿ, ಒಲೆ ಆರಿಸಿ, ಎರಡು ಮೂರು ನಿಮಿಷ ಬಿಟ್ಟು ಎಲೆ ಹಾಕಿ. ಮತ್ತೆರಡು ನಿಮಿಷಕ್ಕೆ ಸೋಸಿ. ಕುದಿಯುವ ನೀರಿಗೇ ಹಾಕಿದ್ರೆ ಕಷಾಯದ ಹಾಗೆ ಕಹಿ ಆಗುತ್ತೆ, ಆಗ ಕೈ ತಾನಾಗಿ ಜೇನಿನ ಬಾಟಲಿಗೆ ಹೋಗುತ್ತೆ, ಜೇನೂ ಸಕ್ಕರೆಯೇ.

ಊಟದ ಜೊತೆ ಬೇಡ, ಕಬ್ಬಿಣದ ಅಂಶ ಮೈಗೆ ಹತ್ತುವುದು ಕಮ್ಮಿಯಾಗುತ್ತೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ರಾತ್ರಿಯೂ ಬೇಡ, ನಿದ್ದೆ ಕೆಡುತ್ತೆ. ಇನ್ನು ಗ್ರೀನ್ ಟೀ ಸಾರದ ಮಾತ್ರೆಗಳ ಸಹವಾಸವೇ ಬೇಡ, ಅವು ಜಾಸ್ತಿಯಾಗಿ ಲಿವರ್ ಕೆಟ್ಟವರಿದ್ದಾರೆ.