ಸೆಮೊ ಮುದ್ದೆಗೆ ಚಿರೋಟಿ ರವೆ

ಬೆಂಗಳೂರಿನಲ್ಲಿ ಓದುತ್ತಿರುವ ನೈಜೀರಿಯಾದ ಗೆಳೆಯರಿಗೆ ತಮ್ಮೂರಿನ ಸೆಮೊ ಮುದ್ದೆ ಬೇಕೆನಿಸಿದರೆ ಆಮದು ಪ್ಯಾಕೆಟ್ ಹುಡುಕಬೇಕಿಲ್ಲ, ಹುರಿಯದ ಚಿರೋಟಿ ರವೆ ಸಾಕು. ಸೆಮೊ ಕೂಡ ಮುಖ್ಯವಾಗಿ ಗೋಧಿಯ ನಯವಾದ ರವೆಯೇ. 1 ಲೋಟ ರವೆಗೆ 3 ಲೋಟ ನೀರು. ಕಾಲು ಭಾಗ ರವೆಯನ್ನು ಸ್ವಲ್ಪ ತಣ್ಣೀರಲ್ಲಿ ಕದಡಿ, ಕುದಿಯುವ ಉಳಿದ ನೀರಿಗೆ ಸುರಿದು ಗಂಜಿ ಮಾಡಿ. ಮೊದಲು ಗಂಜಿಯಾದರೆ ಆಮೇಲೆ ಗಂಟು ಕಟ್ಟುವುದಿಲ್ಲ. ಮಿಕ್ಕ ರವೆ ಉದುರಿಸುತ್ತ ಮುದ್ದೆ ಕೋಲಿನಲ್ಲಿ ಬಲವಾಗಿ ತಿರುವಿ. 2 ಚಮಚ ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ 5 ನಿಮಿಷ ಮುಚ್ಚಿಟ್ಟು ಮತ್ತೊಮ್ಮೆ ತಿರುವಿ. ಹುರಿದ ರವೆ ಹಾಕಿದರೆ ಉಪ್ಪಿಟ್ಟಿನಂತೆ ಬಿಡಿಬಿಡಿಯಾಗುತ್ತದೆ. ಇಡ್ಲಿ ರವೆಯಂತೂ ಬೇಡವೇ ಬೇಡ, ಅಕ್ಕಿಯದ್ದಾದ್ದರಿಂದ ಗೋಧಿಯ ಅಂಟಿಲ್ಲ. ಜೊತೆಗೆ ಎಗುಸಿ (ಕಲ್ಲಂಗಡಿ ಜಾತಿಯ ಕಾಯಿಯ ಬೀಜ) ಸಾರು ಮಾಡುವುದಾದರೆ, ಅದರ ಬದಲಿಗೆ ಸಿಪ್ಪೆ ತೆಗೆದ ಕಲ್ಲಂಗಡಿ ಬೀಜದ ಪುಡಿ ಚೆನ್ನಾಗಿ ಒದಗುತ್ತದೆ.