ಒತ್ತಿದರೆ ಇನ್ನೊಂದಷ್ಟು ಬರುತ್ತೆ

ಚೀಟಿ ಬರೆದು ಮುಗಿಸಿದ್ದೆ. ವಯಸ್ಸು 64, ಬಲಗಡೆ ತೊಡೆಸಂದಿಯಿಂದ ಬೀಜದ ಚೀಲದವರೆಗೂ ಊತ. ದಿನಾ ನೋಡುವ ಹರ್ನಿಯಾ: ಹೊಟ್ಟೆಯ ಗೋಡೆಯ ಬಲಹೀನ ಜಾಗದಿಂದ ಒಳಗಿನದು ಹೊರಗೆ ಜಾರುವುದು. ಎದ್ದು ಹೊರಡುವಾಗ ಅವರು ಸಂಕೋಚದಿಂದ ಹೇಳಿದರು: "ಒಂದಕ್ಕೆ ಹೋದ್ರೆ ಒಂದೇ ಸಲಕ್ಕೆ ಮುಗಿಯಲ್ಲ ಡಾಕ್ಟ್ರೇ. ಊತನ ಕೆಳಗಿಂದ ಒತ್ತಿದ್ರೆ ಇನ್ನೊಂದಷ್ಟು ಬರುತ್ತೆ." ಮತ್ತೆ ಕೂರಿಸಿದೆ.

ಈ ಮಾತು ಕೇಳದೆ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಕೆಲಸಕ್ಕೆ ಸೇರಿದ ಹೊಸದು. ಇನ್ನೊಬ್ಬರ ಆಪರೇಷನ್‌ನಲ್ಲಿ ಹರ್ನಿಯಾದ ಒಳಮಗ್ಗುಲಲ್ಲಿ ಹಳದಿ ಕೊಬ್ಬು ಕಂಡಿತು. ಸುಮ್ನೆ ಕೊಬ್ಬಿನ ಗಂಟು ಅಂದುಕೊಂಡು ಕತ್ತರಿಸಿದೆ. ತಿಳಿನೀರು ಉಕ್ಕಿತು. ಅದು ಮೂತ್ರಕೋಶ! ಎರಡು ಪದರ ಹೊಲಿಗೆ, 10 ದಿನ ಕ್ಯಾತೆಟರ್ (ಮೂತ್ರ ಹೊರಬಿಡುವ ನಳಿಗೆ). ಅವರೇನೋ ಚೆನ್ನಾಗಿ ಗುಣವಾದರು, ನನಗೆ ಮಾತ್ರ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ.

ತೊಡೆಸಂದಿನ ಹರ್ನಿಯಾಗಳಲ್ಲಿ ಶೇ. 1ರಿಂದ 4ರಷ್ಟರಲ್ಲಿ ಮೂತ್ರಕೋಶವೂ ಸೇರಿಕೊಂಡಿರುತ್ತದೆ. ಜಾಸ್ತಿ 50 ದಾಟಿದ ಗಂಡಸರಲ್ಲಿ. ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರದ ದಾರಿ ಕಟ್ಟುತ್ತದೆ, ಅವರು ತಿಣುಕಿ ತಿಣುಕಿ ಹೋಗುತ್ತಾರೆ, ಸಡಿಲವಾದ ಮೂತ್ರಕೋಶ ಬಲಹೀನ ಜಾಗದಲ್ಲಿ ಜಾರುತ್ತದೆ.

ಈಗ ಬಂದಿದ್ದ ಇವರಿಗೆ ಮೂತ್ರ ತುಂಬಿದಾಗ ಒಮ್ಮೆ, ಹೋಗಿ ಬಂದ ಮೇಲೆ ಒಮ್ಮೆ ಸ್ಕ್ಯಾನ್ ಮಾಡಿಸಿದೆ. ಎರಡನೇ ಸಲಕ್ಕೆ ಊತ ಅರ್ಧಕ್ಕರ್ಧ ಇಳಿದಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ಮೂತ್ರನಾಳದ ದಾರಿಯನ್ನೂ ನೋಡಿಕೊಂಡೆ. ಅಪರೂಪಕ್ಕೆ ಅದೂ ಜೊತೆಗೆ ಇಳಿದಿರುತ್ತದೆ, ಮುಖ್ಯವಾಗಿ ಕಿಡ್ನಿ ಕಸಿ ಆದವರಲ್ಲಿ. ಆಪರೇಷನ್‌ಗೆ ಮೊದಲು ಕೆಲವು ವಾರ ಟಾಮ್ಸುಲೋಸಿನ್ ಕೊಟ್ಟೆ, ಪ್ರಾಸ್ಟೇಟ್ ಬಿಗಿ ಸಡಿಲಿಸಿ ಮೂತ್ರ ಸರಾಗ ಮಾಡುವ ಗುಳಿಗೆ. ತಿಣುಕುವುದು ನಿಲ್ಲದೆ ಬಲಹೀನ ಜಾಗಕ್ಕೆ ಬಲೆ (ಮೆಶ್) ಹಾಕಿ ಏನು ಪ್ರಯೋಜನ?

ಆಪರೇಷನ್ ದಿನ ಮೊದಲೇ ಕ್ಯಾತೆಟರ್ ಹಾಕಿಸಿದೆ. ಅದೇ ಹಳದಿ ಕೊಬ್ಬು, ಅದೇ ಒಳಮಗ್ಗುಲು. ಈ ಸಲ ಕತ್ತರಿ ಮುಟ್ಟಲಿಲ್ಲ. ಕ್ಯಾತೆಟರ್ ಮೂಲಕ 200 ಮಿ.ಲೀ. ಸಲೈನ್ ಬಿಡಲು ಸಿಸ್ಟರ್‌ಗೆ ಹೇಳಿ, ಗಂಟಿನ ಮೇಲೆ ಬೆರಳಿಟ್ಟುಕೊಂಡು ಕಾದೆ. ಮೆಲ್ಲಗೆ ಬಿಗಿಯಾಯಿತು, ಬಲೂನಿಗೆ ಗಾಳಿ ತುಂಬಿದ ಹಾಗೆ. ಸಲೈನ್ ಹೊರಗೆ ಬಿಟ್ಟಾಗ ಮತ್ತೆ ಮೆತ್ತಗಾಯಿತು. ಸುತ್ತ ಅಂಟಿಕೊಂಡಿದ್ದನ್ನು ಬಿಡಿಸಿ, ಮೂತ್ರಕೋಶವನ್ನು ಹಾಗೇ ಒಳಗೆ ತಳ್ಳಿ ಮೆಶ್ ಹೊಲಿದೆ. ಮೂತ್ರಕೋಶಕ್ಕೆ ಒಂದು ಹೊಲಿಗೆಯೂ ಬೇಕಾಗಲಿಲ್ಲ.

ಈಗ ಒತ್ತಿಕೊಳ್ಳುವ ಕೆಲಸ ಇಲ್ಲ ಅಂತಾರೆ. ಆದರೆ ಪ್ರತಿ ಸಲ ಬಂದಾಗಲೂ ಒಂದೇ ತಕರಾರು: "ಆಪರೇಷನ್ ಆಯ್ತಲ್ಲ, ಈ ಗುಳಿಗೆ ಇನ್ನೂ ಯಾಕೆ?" ಪ್ರಾಸ್ಟೇಟ್ ಚಿತ್ರ ಬರೆದು ತೋರಿಸುತ್ತೇನೆ. ತಲೆಯಾಡಿಸುತ್ತಾರೆ. ಮುಂದಿನ ತಿಂಗಳು ಮತ್ತೆ ಕೇಳುತ್ತಾರೆ.